ಬಲೆಗೆ ಬಿದ್ದ ತಾಟೆ, ತೊರಕೆಗಳು ಜೀವಂತ ಮರಳಲಿ: ತಾಂಡೇಲರಿಗೂ ಇಲಾಖೆಗೂ ಒಂದು ಬಹಿರಂಗ ಪತ್ರ

ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳ ಮಾನ್ಯ ಅಧಿಕಾರಿಗಳಿಗೆ, ಮಂಗಳೂರಿನಿಂದ ಕಾರವಾರದವರೆಗಿನ ಬೋಟು ಮಾಲೀಕರಿಗೆ, ಬೋಟು ನಡೆಸುವ ತಾಂಡೇಲರಿಗೆ, ಬೋಟಿನಲ್ಲಿ ದುಡಿಯುವ ಕಲಾಸಿಗಳಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚಿ ಕಟ್ಟುವುದು, ಬೋಟಿಗೆ ಬಣ್ಣ ಬಳಿಯುವುದು ಎಲ್ಲ ಈ ಎರಡು ತಿಂಗಳಲ್ಲೇ ನಡೆಯುತ್ತದೆ. ಆಗಸ್ಟಿನಲ್ಲಿ ಮೊದಲ ಬಲೆ ನೀರಿಗೆ ಬೀಳುವ ಮೊದಲು ಇನ್ನೊಂದು ಕೆಲಸಕ್ಕೂ ಇದೇ ಸರಿಯಾದ ಸಮಯ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇವೆ. ಬಲೆಯಲ್ಲಿ ಜೀವಂತ ಬಂದ ಗರಗಸ ಮೀನು, ಗಿಟಾರ್ ಮೀನು, ವೇಲ್ ಶಾರ್ಕ್, ಕೊಂಬಿನ ತೊರಕೆ, ತುಂಬು ಬಸಿರಿನ ತಾಟೆ ಇವೆಲ್ಲ ಜೀವಂತವಾಗಿಯೇ ಕಡಲಿಗೆ ಮರಳಬಲ್ಲವು. ಅದಕ್ಕೆ ಬೇಕಿರುವುದು ಎರಡೇ. ಡೆಕ್ಕಿನ ಮೇಲೆ ಕೆಲವು ನಿಮಿಷ ಕೈ ಸರಿಯಾಗಿ ಆಡಬೇಕು; ಮೀನು ಬಿಡಲು ಬಲೆ ಕತ್ತರಿಸಿದವನಿಗೆ ಆ ಬಲೆಯ ನಷ್ಟ ಅಲೆದಾಟವಿಲ್ಲದೆ ತುಂಬಿ ಸಿಗಬೇಕು. ಮೊದಲನೆಯದು ತಾಂಡೇಲರ ಕೈಯಲ್ಲಿದೆ, ಎರಡನೆಯದು ಇಲಾಖೆಗಳ ಕೈಯಲ್ಲಿ. ಒಂದನ್ನು ಬಿಟ್ಟು ಇನ್ನೊಂದು ನಡೆಯದು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು: ಕರಾವಳಿಯಲ್ಲಿ ತಾಟೆ ಎಂದರೆ ಶಾರ್ಕ್, ತೊರಕೆ ಎಂದರೆ ಚಪ್ಪಟೆ ಮೈಯ, ಹಲವಕ್ಕೆ ಬಾಲದಲ್ಲಿ ಮುಳ್ಳೂ ಇರುವ ರೇ ಮೀನು. ಎರಡೂ ಒಂದೇ ಬಳಗದವು. ಎರಡಕ್ಕೂ ಗಟ್ಟಿ ಎಲುಬಿಲ್ಲ, ಇಡೀ ಅಸ್ಥಿಪಂಜರ ಮೃದ್ವಸ್ಥಿಯದು. ತಾಟೆಯನ್ನೇ ಹಿಡಿಯಬೇಡಿ, ತಿನ್ನಬೇಡಿ ಎಂದು ನಾವು ಕೇಳುತ್ತಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಚೂಪು ಮೂತಿಯ ಸಣ್ಣ ತಾಟೆ, ವಿಜ್ಞಾನಿಗಳು ಸ್ಕಾಲಿಯೋಡಾನ್ ಲ್ಯಾಟಿಕಾಡಸ್ ಎನ್ನುವುದು, ಒಂದೆರಡು ವರ್ಷದಲ್ಲೇ ಪ್ರಾಯಕ್ಕೆ ಬಂದು ಮರಿ ಹಾಕುತ್ತದೆ. ಮಿತಿಯಲ್ಲಿ ಹಿಡಿದರೆ ಅದು ತಾಳಿಕೊಳ್ಳುತ್ತದೆ. ಅದರ ದೊಡ್ಡ ನೆಂಟರ ಲೆಕ್ಕವೇ ಬೇರೆ, ನಮ್ಮ ಚಿಂತೆ ಇರುವುದು ಆ ದೊಡ್ಡ ಜಾತಿಗಳ ಬಗ್ಗೆ.

ಬೂತಾಯಿ, ಅಂದರೆ ಸಾರ್ಡೀನ್ ಮೀನು, ಒಂದು ವರ್ಷದೊಳಗೆ ಮೊಟ್ಟೆಗೆ ಬರುತ್ತದೆ, ಒಂದೊಂದು ಹೆಣ್ಣು ಸಾವಿರ ಸಾವಿರ ಮೊಟ್ಟೆಗಳನ್ನು ನೀರಿಗೆ ಚೆಲ್ಲುತ್ತದೆ. ಒಂದು ವರ್ಷ ಬೂತಾಯಿ ಕೈಕೊಟ್ಟರೂ ಕಡಲು ಅನುಕೂಲವಾದಾಗ ಮತ್ತೆ ತುಂಬಿ ಬರುವುದು ಅದಕ್ಕೇ. ಸುತ್ತಿಗೆ ತಲೆಯ ತಾಟೆ ಹಾಗಲ್ಲ. ಹೆಣ್ಣು ಮರಿ ಹಾಕುವ ಪ್ರಾಯಕ್ಕೆ ಬರಲು ಹಲವು ಕಡಲುಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಹೊಟ್ಟೆಯೊಳಗೆ ಹೊಕ್ಕುಳಬಳ್ಳಿಯಿಂದಲೇ ಮರಿಗಳಿಗೆ ಆಹಾರ ಉಣಿಸಿ, ಹೆಚ್ಚುಕಡಿಮೆ ಒಂದು ವರ್ಷ ಹೊತ್ತು ಹೆರುತ್ತದೆ. ಕೊಂಬಿನ ತೊರಕೆ, ಅಂದರೆ ತಲೆಯ ಮುಂದೆ ಎರಡು ಕೊಂಬಿನಂಥ ಮಡಿಕೆಗಳಿರುವ ಮೊಬುಲಾ, ಸುಮಾರು ಒಂದು ವರ್ಷ ಬಸಿರಾಗಿದ್ದು ಹೆರುವುದು ಒಂದೇ ಮರಿ. ಮುಂದಿನ ಬಸಿರಿಗೆ ಮತ್ತೆ ವರ್ಷವೋ ಎರಡು ವರ್ಷವೋ ಬಿಡುವು. ಇಂಥ ಪ್ರಾಣಿಯ ಒಂದು ಹೆಣ್ಣು ಸತ್ತರೆ ಆ ಜಾಗ ತುಂಬುವ ಹೊತ್ತಿಗೆ ಬೋಟಿನ ಮಾಲೀಕತ್ವವೇ ತಂದೆಯಿಂದ ಮಗನಿಗೆ ಹೋಗಿರುತ್ತದೆ. ಜಗತ್ತಿನ ತಾಟೆ, ತೊರಕೆ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಇಂದು ಅಳಿವಿನ ಭಯದಲ್ಲಿವೆ, ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ.

ಈ ಬಳಗದ ಬಗ್ಗೆ ನಮಗಿರುವ ಬೆರಗು ಭಯದಿಂದ ಹುಟ್ಟಿದ್ದಲ್ಲ, ಅದರ ಮೈಕಟ್ಟಿನಿಂದ ಹುಟ್ಟಿದ್ದು. ತಾಟೆಯ ಮೂತಿಯನ್ನು ಹತ್ತಿರದಿಂದ ನೋಡಿದರೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಕಾಣುತ್ತವೆ, ಒತ್ತಿದರೆ ಅಂಟುಲೋಳೆ ಬರುತ್ತದೆ. ಇಟಲಿಯ ಸ್ಟೆಫಾನೋ ಲೊರೆಂಝಿನಿ 1678ರಲ್ಲೇ ಇವನ್ನು ವಿವರಿಸಿದರೂ ಇವು ಯಾತಕ್ಕೆ ಎಂಬುದು ಶತಮಾನಗಳ ಕಾಲ ಒಗಟಾಗಿತ್ತು. 1971ರಲ್ಲಿ ಆಡ್ರಿಯಾನಸ್ ಕಾಲ್ಮೈನ್ ಪ್ರಯೋಗಗಳಿಂದ ತೋರಿಸಿಕೊಟ್ಟರು: ಮರಳಿನಡಿ ಹೂತು ಮಲಗಿದ ಮೀನಿನ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನು ತಾಟೆ ಈ ರಂಧ್ರಗಳಿಂದ ಗ್ರಹಿಸುತ್ತದೆ, ಕಣ್ಣು ಮೂಗುಗಳ ನೆರವಿಲ್ಲದೆಯೂ ಬೇಟೆಯನ್ನು ಹುಡುಕಿಕೊಳ್ಳುತ್ತದೆ. ಸುತ್ತಿಗೆ ತಲೆ ಅಷ್ಟು ಅಗಲವಿರುವುದರಿಂದ ಆ ರಂಧ್ರಗಳು ಹೆಚ್ಚು ಜಾಗಕ್ಕೆ ಹರಡಿರುತ್ತವೆ, ಒಮ್ಮೆ ಹಾದುಹೋದರೆ ಹೆಚ್ಚು ನೆಲ ತಡಕಾಡಿದಂತಾಗುತ್ತದೆ. ಗರಗಸ ಮೀನಿನ ಗರಗಸವೂ ಹೀಗೆಯೇ: ಬೇಟೆಯನ್ನು ಪತ್ತೆ ಹಚ್ಚುವುದೂ ಅದರಿಂದಲೇ, ಹೊಡೆದು ಕೆಡವುವುದೂ ಅದರಿಂದಲೇ. ಹುಟ್ಟುವಾಗ ತಾಯಿಗೆ ಗಾಯವಾಗದಂತೆ ಮರಿಯ ಗರಗಸದ ಮೇಲೆ ಮೃದುವಾದ ಪೊರೆಯೊಂದು ಮುಚ್ಚಿರುತ್ತದೆ. ನಮ್ಮ ಸಣ್ಣ ಸ್ಕಾಲಿಯೋಡಾನ್ ಕೂಡ ಸಾಮಾನ್ಯದ್ದಲ್ಲ. ತಿಳಿದಿರುವ ತಾಟೆಗಳಲ್ಲೆಲ್ಲ ಅತಿ ಸಣ್ಣ ಮೊಟ್ಟೆ ಅದರದು, ಒಂದು ಮಿಲಿಮೀಟರಿನ ಆಸುಪಾಸು. ಹಳದಿ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮರಿಯನ್ನು ಬೆಳೆಸುವುದೆಲ್ಲ ತಾಯಿಯ ಗರ್ಭಕೋಶವೇ.

ಈ ಮೈಕಟ್ಟಿನಲ್ಲೇ ಡೆಕ್ಕಿನ ಮೇಲಿನ ಸಾವಿನ ಕಾರಣವೂ ಇದೆ. ತಾಟೆಗೆ ಒಳಗಿನ ಅಂಗಗಳನ್ನು ಕಾಯುವ ಗಟ್ಟಿ ಪಕ್ಕೆಲುಬಿನ ಗೂಡು ಇಲ್ಲ. ನೀರಿನಲ್ಲಿ ಮೈಭಾರವನ್ನು ನೀರೇ ಹೊತ್ತಿರುತ್ತದೆ. ಬಾಲ ಹಿಡಿದು ವಿಂಚಿನಲ್ಲಿ ಮೇಲೆತ್ತಿದರೆ ಈಲಿಯೂ (ಯಕೃತ್ತು) ಕರುಳೂ ಜೋತು ತಲೆಯತ್ತ ಕುಸಿಯುತ್ತವೆ, ಬೆನ್ನೆಲುಬಿನ ಕೀಲುಗಳು ಎಳೆದು ಬಿಡುತ್ತವೆ. ಹೊರಗೆ ಒಂದು ಗೀರೂ ಕಾಣದಿದ್ದರೂ ಒಳಗೆ ಮೀನು ಮುಗಿದಿರುತ್ತದೆ. ಇನ್ನು ಉಸಿರು. ಹಲವು ತಾಟೆಗಳು ಮುಂದೆ ಈಜುತ್ತಿದ್ದರೆ ಮಾತ್ರ ಬಾಯಿಯಿಂದ ನೀರು ಒಳಹೋಗಿ ಕಿವಿರಿನಿಂದ ಹೊರಬರುತ್ತದೆ. ಬಾಲ ಹಿಡಿದು ಹಿಂದಕ್ಕೆ ಎಳೆದರೆ ನೀರು ತಿರುಗುಮುರುಗಾಗಿ ಕಿವಿರಿಗೆ ನುಗ್ಗುತ್ತದೆ. ಬಿಡುವ ಒಳ್ಳೆಯ ಮನಸ್ಸಿನಿಂದಲೇ ಬಾಲಕ್ಕೆ ಹಗ್ಗ ಕಟ್ಟಿ ಬೋಟಿನ ಹಿಂದೆ ಎಳೆದುಕೊಂಡು ಹೋಗಿ ಬಿಟ್ಟ ವೇಲ್ ಶಾರ್ಕ್ ಬದುಕುವ ಭರವಸೆ ಕಡಿಮೆ ಎನ್ನುವುದು ಈ ಕಾರಣಕ್ಕೆ.

ಅಣ್ಣಂದಿರೇ, ಪ್ರತಿ ಬೋಟಿನಲ್ಲೂ ಒಂದು ಗೋಣಿಚೀಲದಲ್ಲಿ ಇಟ್ಟುಕೊಳ್ಳಬೇಕಾದ ಸಾಮಾನು ಇಷ್ಟೇ. ಮೊನೆ ಮೊಂಡಾಗಿರುವ, ಒಳಬಾಗಿದ ಅಲಗಿನ ಎರಡು ಚೂರಿ. ಮೊನೆ ಚೂಪಿದ್ದರೆ ಬಲೆಯ ಜೊತೆ ಮೀನಿನ ಮೈಯೂ ಸೀಳುತ್ತದೆ. ದಪ್ಪ ಗಾಳವನ್ನು ಕತ್ತರಿಸುವ ಒಂದು ಬೋಲ್ಟ್ ಕಟರ್. ಮೊಣಕೈವರೆಗೆ ಬರುವ ದಪ್ಪ ರಬ್ಬರ್ ಕೈಗವಸು ಎರಡು ಜೊತೆ. ನಾಲ್ಕು ಹಳೆಯ ಗೋಣಿ. ಆರು ಅಡಿ ಉದ್ದ, ಮೂರು ಅಡಿ ಅಗಲದ ಗಟ್ಟಿ ಕ್ಯಾನ್ವಾಸ್. ಅದರ ಎರಡು ಉದ್ದನೆಯ ಅಂಚುಗಳನ್ನು ಮಡಿಸಿ ಹೊಲಿದು ಒಳಗೆ ಬಿದಿರಿನ ಗಳ ತೂರಿಸಿದರೆ ಹೊತ್ತೊಯ್ಯುವ ಜೋಲಿ ಸಿದ್ಧ. ನೀರು ಇಳಿಯಲು ನಡುವೆ ಐದಾರು ಕಡೆ ಹಿತ್ತಾಳೆ ಬಳೆ ಹಾಕಿದ ತೂತು ಇರಲಿ. ಜೋಲಿಗೆ ಹಳೆಯ ಬಲೆ ಬೇಡ. ಕಣ್ಣಿಗಳಲ್ಲಿ ಈಜುರೆಕ್ಕೆ ಸಿಕ್ಕಿ ಹರಿಯುತ್ತದೆ, ತೊರಕೆಯ ಮುಳ್ಳು ಸಿಕ್ಕಿದರಂತೂ ಬಿಡಿಸುವವನಿಗೇ ಅಪಾಯ.

ಬೋಟು ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ಚೀಲ ಡೆಕ್ಕಿನ ಮೇಲೆ ಬಿಚ್ಚಿಕೊಂಡಾಗ ಮೊದಲು ಕಣ್ಣು ಹೋಗಬೇಕಾದದ್ದು ದೊಡ್ಡ ತಾಟೆ, ತೊರಕೆಗಳ ಕಡೆಗೆ. ಸಿಗಡಿ, ಬೊಂಡಾಸ್, ಮದಿಮಲ್ ಆರಿಸಲು ಹೇಗೂ ಹೊತ್ತು ಹಿಡಿಯುತ್ತದೆ, ಅವು ಸತ್ತೇ ಇರುತ್ತವೆ. ಜೀವವಿರುವುದನ್ನು ಮೊದಲು ಬದಿಗೆ ಸರಿಸಿ, ನೆರಳಿಗೆ ತನ್ನಿ. ಬಿಸಿಲಿಗೆ ಕಾದ ಡೆಕ್ಕು ಮೈಯನ್ನು ಸುಡುತ್ತದೆ. ಕಣ್ಣಿನ ಮೇಲೆ ಒದ್ದೆ ಗೋಣಿ ಹಾಕಿದರೆ ಒದ್ದಾಟ ತಗ್ಗುತ್ತದೆ. ಡೆಕ್ ತೊಳೆಯುವ ಪೈಪಿನ ತುದಿಯನ್ನು ತಾಟೆಯ ಬಾಯೊಳಗೆ ಮೆಲ್ಲಗೆ ಇಟ್ಟು ಸಮುದ್ರದ ನೀರು ಹರಿಸಿ. ರಭಸ ಬೇಡ, ಕಿವಿರು ಸೀಳುಗಳಿಂದ ನೀರು ಸಲೀಸಾಗಿ ಹೊರಬಂದರೆ ಸಾಕು. ಅಲುಗಾಡದೆ ಬಿದ್ದಿದ್ದರೆ ಸತ್ತಿತು ಎಂದು ತೀರ್ಮಾನಿಸಬೇಡಿ. ಅಂಗಾತ ಬಿದ್ದ ತಾಟೆ ಮಂಪರು ಬಂದಂತೆ ಸುಮ್ಮನಾಗುವುದುಂಟು, ಬೋರಲು ಮಾಡಿ ನೀರು ಹಾಯಿಸಿದರೆ ಎಚ್ಚರಗೊಂಡು ಕಚ್ಚುವುದೂ ಉಂಟು. ಬಾಯಿಯ ಹತ್ತಿರ ಕೈ ಇರಲೇಬಾರದು. ಮಡಿಸಿದ ಹಗ್ಗವನ್ನೋ ಸತ್ತ ಮೀನನ್ನೋ ಕಚ್ಚಲು ಕೊಟ್ಟರೆ ಅಷ್ಟು ಹೊತ್ತು ಬಾಯಿ ಅದಕ್ಕೆ ಮೀಸಲಾಗುತ್ತದೆ.

ಎತ್ತುವಾಗ ಇಬ್ಬರು ಬೇಕು. ಒಬ್ಬ ಎದೆಯ ರೆಕ್ಕೆಗಳ ಹಿಂದೆ ಹೊಟ್ಟೆಯ ಅಡಿ ಕೈ ಕೊಡಬೇಕು, ಇನ್ನೊಬ್ಬ ಬಾಲದ ಬುಡಕ್ಕೆ. ಮೈ ನೆಲಕ್ಕೆ ಅಡ್ಡವಾಗಿಯೇ ಇರಬೇಕು. ನಲವತ್ತು ಕೆ.ಜಿ. ದಾಟಿತೆಂದು ಕಂಡರೆ ಜೋಲಿ ತನ್ನಿ. ಕಿವಿರಿಗೆ ಬೆರಳು ಹಾಕುವುದು, ಕೊಕ್ಕೆಯಿಂದ ಚುಚ್ಚಿ ಎಳೆಯುವುದು, ಕಾಲಿನಿಂದ ಒದ್ದು ಉರುಳಿಸುವುದು ಈ ಮೂರರಿಂದ ಬದುಕಬೇಕಿದ್ದ ಅನೇಕ ಮೀನುಗಳು ಸಾಯುತ್ತವೆ. ಬಿಡುವ ಮೊದಲು ಎಂಜಿನ್ ನ್ಯೂಟ್ರಲ್‌ಗೆ ಬರಲಿ, ಪ್ರೊಪೆಲ್ಲರ್ ನಿಂತಿರಲಿ. ಡೆಕ್ಕಿನ ತಗ್ಗಾದ ಕಡೆಯಿಂದ ತಲೆ ಮುಂದಾಗಿ ನೀರಿಗೆ ಜಾರಿಸಬೇಕು, ಮೇಲಿನಿಂದ ಎಸೆಯಬಾರದು. ಇಷ್ಟೆಲ್ಲ ಐದು ನಿಮಿಷದೊಳಗೆ ಮುಗಿದರೆ ಬದುಕುವ ಅವಕಾಶ ಚೆನ್ನಾಗಿರುತ್ತದೆ. ಎಲ್ಲಕ್ಕೂ ಮುಖ್ಯವಾಗಿ ಬಲೆ ಎಳೆದ ಹೊತ್ತು ಎಷ್ಟು ಎನ್ನುವುದರ ಮೇಲೆ ಇದು ನಿಂತಿದೆ. ಮೂರು ನಾಲ್ಕು ಗಂಟೆ ಎಳೆದ ಬಲೆಯಲ್ಲಿ ಸುತ್ತಿಗೆ ತಲೆಯ ತಾಟೆ ಬದುಕಿರುವುದು ಅಪರೂಪ. ಒದ್ದಾಟದ ಆಯಾಸಕ್ಕೇ ಅದು ಬಹುಬೇಗ ಸಾಯುವ ಜಾತಿ. ಬಂಡೆಗಳ ಸಂದಿಯಲ್ಲಿ ಬಾಳುವ, ಮೈಮೇಲೆ ಪಟ್ಟೆಯಿರುವ ಬಂಬೂ ಶಾರ್ಕ್ ಅದೇ ಬಲೆಯಿಂದ ಗಟ್ಟಿಯಾಗಿ ಹೊರಬರುತ್ತದೆ. ಅದು ನಿಂತಲ್ಲೇ ಕೆನ್ನೆ ಆಡಿಸಿ ನೀರು ಎಳೆದುಕೊಳ್ಳಬಲ್ಲದು, ಬಿಟ್ಟರೆ ಬದುಕುತ್ತದೆ. ಅದನ್ನು ಬಿಡದಿರಲು ಕಾರಣವೇ ಇಲ್ಲ.

ಗರಗಸ ಮೀನಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. 2022ರ ಮಾರ್ಚಿನಲ್ಲಿ ಮಲ್ಪೆಗೆ ಬಂದಿಳಿದ ಗರಗಸ ಮೀನಿನ ದೃಶ್ಯವನ್ನು ನಾಡೆಲ್ಲ ಫೋನಿನಲ್ಲಿ ನೋಡಿತು. ನಮ್ಮ ಕಡಲಿನಲ್ಲಿ ಅವು ಇನ್ನೂ ಇವೆ ಎಂಬುದಕ್ಕೆ ಅದು ಸಾಕ್ಷಿ. ಹಾಗಾಗಿಯೇ ಮುಂದಿನದು ಸಿಕ್ಕಾಗ ಏನು ಮಾಡಬೇಕೆಂದು ಈಗಲೇ ಗೊತ್ತಿರಬೇಕು. ನೋಡಲು ತಾಟೆಯಂತಿದ್ದರೂ ಅದು ತೊರಕೆಯ ಕಡೆಯದು, ಕಿವಿರು ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಅದನ್ನು ಬೋಟಿಗೆ ಎತ್ತಲೇಬೇಡಿ, ನೀರಿನಲ್ಲೇ ಬಿಡಿಸಿ. ಗರಗಸ ಪಕ್ಕಕ್ಕೆ ಬೀಸುತ್ತದೆ, ಆದ್ದರಿಂದ ಅದರ ಎಡಬಲಗಳಲ್ಲಿ ಯಾರೂ ನಿಲ್ಲಬಾರದು. ಉದ್ದ ಹಿಡಿಯ ಕೋಲಿಗೆ ಚೂರಿ ಕಟ್ಟಿಕೊಂಡು ಗರಗಸದ ಉದ್ದಕ್ಕೂ, ಹಲ್ಲುಗಳ ಸಾಲಿಗೆ ಸಮಾನಾಂತರವಾಗಿ ಬಲೆಯನ್ನು ಸೀಳಿ. ಎರಡು ಹಲ್ಲುಗಳ ನಡುವಿನ ಒಂದೊಂದೇ ನೂಲು ಬಿಡಿಸುತ್ತ ಕೂತರೆ ಮೀನೂ ಸಾಯುತ್ತದೆ, ಕೈಯೂ ಸೀಳುತ್ತದೆ. ಬಲೆ ಉಳಿಸಲು ಗರಗಸವನ್ನು ಮುರಿಯುವುದು ಅತಿ ಕೆಟ್ಟ ದಾರಿ. ಬುಡಸಮೇತ ಹೋದ ಹಲ್ಲು ಮತ್ತೆ ಬರುವುದಿಲ್ಲ, ಗರಗಸವೇ ಹೋದರೆ ಬೇಟೆಯಾಡಲು ಉಪಾಯವಿಲ್ಲದೆ ಆ ಮೀನು ಸೊರಗುತ್ತದೆ.

ಗಿಟಾರ್ ಮೀನು, ಅದರ ಹತ್ತಿರದ ಬಂಧು ವೆಜ್‌ಫಿಶ್ ಇವೆರಡೂ ಮುಂದಿನಿಂದ ತೊರಕೆ, ಹಿಂದಿನಿಂದ ತಾಟೆ. ವೆಜ್‌ಫಿಶ್‌ನ ಬೆನ್ನಿನ ರೆಕ್ಕೆಗಳು ಎತ್ತರ, ಚೂಪು. ಅಂತರರಾಷ್ಟ್ರೀಯ ಪೇಟೆಯಲ್ಲಿ ಅತಿ ಹೆಚ್ಚು ಬೆಲೆಯ ರೆಕ್ಕೆಗಳಲ್ಲಿ ಇವೂ ಸೇರಿವೆ, ಅಳಿವಿನ ಅಂಚಿಗೆ ತಳ್ಳಿದ್ದೂ ಆ ಬೆಲೆಯೇ. ದೊಡ್ಡ ಗಿಟಾರ್ ಮೀನು ಮತ್ತು ವೆಜ್‌ಫಿಶ್ ಸೇರಿ ಜಗತ್ತಿನಲ್ಲಿ 16 ಜಾತಿಗಳಿವೆ, 2019ರ ಮೌಲ್ಯಮಾಪನದಲ್ಲಿ ಅವುಗಳಲ್ಲಿ 15 ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿದವು. ಕಣ್ಣಿನ ಹಿಂದಿನ ರಂಧ್ರದಿಂದ ನೀರು ಎಳೆದುಕೊಳ್ಳುವ ಶಕ್ತಿ ಇವಕ್ಕಿದೆ, ಹಾಗಾಗಿ ಡೆಕ್ಕಿನ ಮೇಲೂ ಸ್ವಲ್ಪ ಹೊತ್ತು ಜೀವ ಹಿಡಿದಿರುತ್ತವೆ. ನೀರು ಹರಿಸುವುದಾದರೆ ಆ ರಂಧ್ರಗಳ ಮೇಲೆಯೇ ಹರಿಸಿ. ಬಾಲದಲ್ಲಿ ವಿಷದ ಮುಳ್ಳು ಇಲ್ಲ, ಹಲ್ಲುಗಳೂ ಚಿಪ್ಪು ಪುಡಿಮಾಡುವ ಮೊಂಡು ಹಲ್ಲು. ಬಿಡಲು ಇವಕ್ಕಿಂತ ಸುಲಭದ ಮೀನಿಲ್ಲ.

ವೇಲ್ ಶಾರ್ಕ್ ಪರ್ಸೀನ್ ಬಲೆಗೆ, ಅಂದರೆ ಮೀನಿನ ಗುಂಪನ್ನು ಸುತ್ತುವರಿದು ಅಡಿಯಿಂದ ಬಿಗಿಯುವ ಬಲೆಗೆ, ಸಿಕ್ಕಾಗ ಬಲೆ ಪೂರ್ತಿ ಬಿಗಿಯುವ ಮೊದಲೇ ನಿರ್ಧಾರವಾಗಬೇಕು. ಅದು ಒದ್ದಾಡುವ ಜಾತಿಯಲ್ಲ, ನಿಧಾನ. ತೇಲುಬುಂಡೆಗಳ ಸಾಲನ್ನು ಅದರ ಮೂತಿಯ ಮುಂದೆ ಕೆಲವು ಮಾರಿನಷ್ಟು ಉದ್ದಕ್ಕೆ ಕೈಯಿಂದ ಅದುಮಿ ಮುಳುಗಿಸಿದರೆ ಅನೇಕ ಬಾರಿ ತಾನೇ ದಾಟಿಹೋಗುತ್ತದೆ. ಹೋಗದಿದ್ದರೆ ಅದರ ಮುಂದೆ ಬಲೆ ಕತ್ತರಿಸುವುದೇ ದಾರಿ. ಬಾಲಕ್ಕೆ ಹಗ್ಗ ಬೇಡ, ಕಿವಿರಿಗೆ ಕೊಕ್ಕೆ ಬೇಡ. ಕೊಂಬಿನ ತೊರಕೆಯದೂ ಇದೇ ಕಥೆ: ಆ ಕೊಂಬುಗಳನ್ನೂ ಕಿವಿರು ಸೀಳುಗಳನ್ನೂ ಹಿಡಿಕೆಯಂತೆ ಬಳಸಬಾರದು, ಕ್ಯಾನ್ವಾಸಿನ ಮೇಲೆ ಮಲಗಿಸಿ ಎತ್ತಬೇಕು. ಗಾಳಕ್ಕೆ ಬಿದ್ದದ್ದಾದರೆ ಹಗ್ಗವನ್ನು ಗಾಳಕ್ಕೆ ಆದಷ್ಟು ಹತ್ತಿರ ಕತ್ತರಿಸಿ. ನುಂಗಿದ ಗಾಳವನ್ನು ಎಳೆದರೆ ಕರುಳು ಹರಿಯುತ್ತದೆ, ಗಾಳ ಒಳಗೇ ಉಳಿದರೂ ಮೀನು ಬದುಕಬಹುದು. ಮೀಟರುಗಟ್ಟಲೆ ಹಗ್ಗ ಬಿಟ್ಟರೆ ಅದು ಮೈಗೆ ಸುತ್ತಿಕೊಂಡು ಕೊಲ್ಲುತ್ತದೆ.

ಮುಳ್ಳಿನ ತೊರಕೆಯನ್ನು ಬಿಡುವವರು ಮೊದಲು ತಮ್ಮನ್ನು ಕಾಯ್ದುಕೊಳ್ಳಬೇಕು. ಬಾಲದ ಮೇಲೆ ಒದ್ದೆ ಗೋಣಿಯನ್ನು ಎರಡು ಮೂರು ಸುತ್ತು ಸುತ್ತಿ, ಆಮೇಲೆ ಎರಡೂ ಪಕ್ಕದ ರೆಕ್ಕೆಯಂಚುಗಳನ್ನು ಹಿಡಿದು ಎತ್ತಿ. ಚುಚ್ಚಿದರೆ ಮಾಡಬೇಕಾದದ್ದು ಹೀಗೆ. ಗಾಯವನ್ನು ತೊಳೆದು, ತಡೆಯಬಲ್ಲಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ವಿಷದ ಪ್ರೋಟೀನ್ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ಚುಚ್ಚಿಸಿಕೊಂಡವನ ಕೈಕಾಲು ನೋವಿನಿಂದ ಬಿಸಿ ಗುರುತಿಸದೆ ಇರಬಹುದು, ಆದ್ದರಿಂದ ನೀರಿನ ಬಿಸಿಯನ್ನು ಜೊತೆಗಾರನೇ ಕೈ ಅದ್ದಿ ನೋಡಲಿ. ಮಂಜುಗಡ್ಡೆ ಇಡುವುದು, ಗಾಯದ ಸುತ್ತ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಮುಳ್ಳಿನ ತುಂಡು ಒಳಗೆ ಉಳಿದರೆ ಹುಣ್ಣಾಗಿ ಕೀವು ತುಂಬುತ್ತದೆ, ದಡಕ್ಕೆ ಬಂದೊಡನೆ ಆಸ್ಪತ್ರೆ, ಧನುರ್ವಾಯು ಚುಚ್ಚುಮದ್ದು. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ನಾಟಿದ ಮುಳ್ಳನ್ನು ಕಡಲಿನಲ್ಲಿ ಕೀಳಲೇಬಾರದು. ಅಲ್ಲಾಡದಂತೆ ಬಟ್ಟೆ ಒತ್ತಿಟ್ಟು ತಕ್ಷಣ ದಡಕ್ಕೆ ತರಬೇಕು.

ಇನ್ನೊಂದು ನೋಟ ಡೆಕ್ಕಿನಲ್ಲಿ ಆಗಾಗ ಕಾಣಸಿಗುತ್ತದೆ, ಅರ್ಥ ಗೊತ್ತಿದ್ದವರು ಕಡಿಮೆ. ಬಸಿರಿ ತೊರಕೆ ಬಲೆಯ ಹಿಂಸೆಗೆ ಅಲ್ಲಿಯೇ ಮರಿ ಹಾಕುತ್ತದೆ. ತೊರಕೆಯ ಮರಿ ತಾಯಿಯ ಗರ್ಭದಲ್ಲಿ ಒಸರುವ ಹಾಲಿನಂಥ ಪೋಷಕ ದ್ರವ ಉಂಡು ಬೆಳೆದಿರುತ್ತದೆ. ಮರಿಯ ಹೊಟ್ಟೆಗೆ ಅಂಟಿದ ಹಳದಿ ಚೀಲ ಇಲ್ಲದಿದ್ದರೆ ಅಥವಾ ತೀರ ಸಣ್ಣದಿದ್ದರೆ ಅದು ದಿನ ತುಂಬಿದ ಮರಿ, ನೀರಿಗೆ ಬಿಟ್ಟರೆ ಬದುಕಬಹುದು. ಚೀಲ ದೊಡ್ಡದಿದ್ದರೆ ಉಳಿಯುವುದು ಕಷ್ಟ. ಬಲೆಯಲ್ಲಿ ಕಂದು ಬಣ್ಣದ, ಮೂಲೆಗಳಲ್ಲಿ ನಾರಿನ ಎಳೆಗಳಿರುವ ಚರ್ಮದಂಥ ಸಣ್ಣ ಚೀಲಗಳು ಬಂದರೆ ಅವು ಬಂಬೂ ಶಾರ್ಕಿನ ಮೊಟ್ಟೆ. ಬೆಳಕಿಗೆ ಹಿಡಿದಾಗ ಒಳಗೆ ಹಳದಿ ಗೋಲವೋ ಆಡುವ ಮರಿಯೋ ಕಂಡರೆ ಕಸವೆಂದು ಒಣಗಿಸಬೇಡಿ, ಸಿಕ್ಕಿದ ಆಳದಲ್ಲೇ ಮರಳಿ ಬಿಡಿ.

ಇಟ್ಟುಕೊಳ್ಳುವ ಸಣ್ಣ ತಾಟೆಯ ಬಗ್ಗೆಯೂ ಒಂದು ಮಾತು, ಇದು ನಿಮ್ಮ ಲಾಭದ್ದೇ. ತಾಟೆಯ ರಕ್ತ ಮಾಂಸಗಳಲ್ಲಿ ಯೂರಿಯಾ ತುಂಬಿರುತ್ತದೆ, ಉಪ್ಪು ನೀರಿನಲ್ಲಿ ಮೈ ಒಣಗದಿರಲು ಅದಕ್ಕೆ ಬೇಕಾದದ್ದು ಅದೇ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಮೂತ್ರದ ವಾಸನೆ ಬರುವುದು ಹೀಗೆ. ಸಿಕ್ಕ ಕೂಡಲೇ ಬಾಲದ ಬುಡದಲ್ಲಿ ಕೊಯ್ದು ರಕ್ತ ಹರಿಸಿ, ಕರುಳು ತೆಗೆದು ತೊಳೆದು, ಮೀನಿನಷ್ಟೇ ತೂಕದ ಮಂಜುಗಡ್ಡೆಯಲ್ಲಿಟ್ಟರೆ ಹರಾಜಿನಲ್ಲಿ ಬೆಲೆ ನಿಲ್ಲುತ್ತದೆ. ಬಾಣಂತಿಯರಿಗೆ ಎದೆಹಾಲು ಹೆಚ್ಚಲೆಂದು ತಾಟೆ ಸಾರು ಕೊಡುವ ಮನೆಗಳವರು ಇದನ್ನೂ ಗಮನಿಸಬೇಕು: ವರ್ಷಗಟ್ಟಲೆ ಬೇರೆ ಮೀನು ತಿಂದು ಬೆಳೆದ ದೊಡ್ಡ ತಾಟೆಯ ಮಾಂಸದಲ್ಲಿ ಪಾದರಸ ಕೂಡಿಕೊಂಡಿರುತ್ತದೆ, ಅದು ಎಳೆ ಮಗುವಿನ ನರಗಳಿಗೆ ಹಾನಿ. ಬಾಣಂತಿಗೆ ಬೂತಾಯಿ, ಬಂಗುಡೆ ಒಳ್ಳೆಯದು.

ಈಗ ಇಲಾಖೆಗಳ ಕಡೆಗೆ. ಮಾನ್ಯರೇ, ವೇಲ್ ಶಾರ್ಕ್ 2001ರ ಮೇ ತಿಂಗಳಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ಕ್ಕೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಗೆ, ಸೇರಿತು, ಅದೇ ವರ್ಷದ ಡಿಸೆಂಬರಿನಲ್ಲಿ ಗರಗಸ ಮೀನುಗಳೂ ಸೇರಿ ಒಟ್ಟು 10 ಜಾತಿಗಳಿಗೆ ರಕ್ಷಣೆ ಸಿಕ್ಕಿತು. 2013ರಲ್ಲಿ ರೆಕ್ಕೆ ಕತ್ತರಿಸಿ ಮೈ ಕಡಲಿಗೆಸೆಯುವುದನ್ನು ಕೇಂದ್ರ ಸರ್ಕಾರ ತಡೆಯಿತು, 2015ರಲ್ಲಿ ತಾಟೆ ರೆಕ್ಕೆಯ ರಫ್ತನ್ನೇ ನಿಲ್ಲಿಸಿತು. 2022ರ ತಿದ್ದುಪಡಿಯ ಹೊಸ ಪಟ್ಟಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶೆಡ್ಯೂಲ್ 1ರ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ. ಆದರೆ ಆ ಪಟ್ಟಿ ಇರುವುದು ಇಂಗ್ಲಿಷ್, ಲ್ಯಾಟಿನ್ ಹೆಸರುಗಳಲ್ಲಿ. ಹರಾಜಿನಲ್ಲಿ ಎಲ್ಲವೂ ತಾಟೆ ಇಲ್ಲವೇ ತೊರಕೆ. ಹೀಗಿರುವಾಗ ಬೆಳಗಿನ ಜಾವ ಮೂರು ಗಂಟೆಗೆ ಬಲೆ ಎತ್ತುವ ಕಲಾಸಿ ಯಾವುದು ರಕ್ಷಿತ, ಯಾವುದು ಅಲ್ಲ ಎಂದು ತಿಳಿಯುವುದು ಹೇಗೆ? ಗೊತ್ತಿಲ್ಲದೆ ತಂದವನಿಗೆ ಜೈಲಿನ ಭಯ. ಗೊತ್ತಿದ್ದವನು ಸತ್ತ ಮೀನನ್ನು ಸದ್ದಿಲ್ಲದೆ ಕಡಲಿಗೆ ಎಸೆಯುತ್ತಾನೆ, ನಮ್ಮ ಕಡಲಿನಲ್ಲಿ ಏನೇನು ಉಳಿದಿದೆ ಎಂಬ ಲೆಕ್ಕವೂ ಅದರ ಜೊತೆ ಮುಳುಗುತ್ತದೆ.

ದಾರಿ ನೆರೆಯಲ್ಲೇ ಇದೆ. ಗುಜರಾತಿನಲ್ಲಿ ಒಂದು ಕಾಲಕ್ಕೆ ಈಲಿಯ ಎಣ್ಣೆಗಾಗಿ ವೇಲ್ ಶಾರ್ಕನ್ನು ನೂರುಗಟ್ಟಲೆ ಕೊಲ್ಲುತ್ತಿದ್ದರು. ದೋಣಿಯ ಮರಕ್ಕೆ ನೀರು ಹಿಡಿಯದಂತೆ ಬಳಿಯಲು ಆ ಎಣ್ಣೆ. 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳೆಂದು ಕರೆದರು, ಅರಣ್ಯ ಇಲಾಖೆ ಕತ್ತರಿಸಿದ ಬಲೆಗೆ ಪರಿಹಾರ ಕೊಟ್ಟಿತು, ಮೀನುಗಾರರೇ ಕ್ಯಾಮೆರಾದಲ್ಲಿ ದಾಖಲೆ ಮಾಡಿದರು. ಅಂದಿನಿಂದ ನೂರಾರು ವೇಲ್ ಶಾರ್ಕ್‌ಗಳು ಅಲ್ಲಿ ಜೀವಂತ ಬಿಡುಗಡೆಯಾಗಿವೆ. ಮಹಾರಾಷ್ಟ್ರ 2018ರ ಡಿಸೆಂಬರಿನಿಂದ ರಕ್ಷಿತ ಕಡಲ ಜೀವಿಗಳನ್ನು ಬಿಡಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ. ಇವೆರಡರಲ್ಲೂ ಗುಟ್ಟು ಹಣದ ಮೊತ್ತಕ್ಕಿಂತ ಹೆಚ್ಚಾಗಿ ಪುರಾವೆಯನ್ನು ಮೀನುಗಾರನೇ ಫೋನಿನಲ್ಲಿ ಕೊಡಬಹುದು ಎಂಬ ನಂಬಿಕೆಯಲ್ಲಿದೆ.

ನಮ್ಮ ಬಂದರುಗಳಲ್ಲಿ ಇದು ಹೀಗೆ ನಡೆಯಬಹುದು. ತಾಂಡೇಲ ಬಿಡುಗಡೆಯ ವಿಡಿಯೋ ತೆಗೆಯುತ್ತಾನೆ: ಬಲೆಯಲ್ಲಿ ಮೀನು, ಕತ್ತರಿಸುವುದು, ಈಜಿ ಹೋಗುವುದು ಮೂರೂ ಒಂದೇ ಓಟದಲ್ಲಿ. ಜಿಪಿಎಸ್ ಪರದೆಯ ಒಂದು ಚಿತ್ರ, ಆಳ ಎಷ್ಟು ಮಾರು, ಯಾವ ಬಲೆ, ಎಷ್ಟು ಹೊತ್ತು ಎಳೆದದ್ದು, ಅಂದಾಜು ಉದ್ದ, ಗಂಡೋ ಹೆಣ್ಣೋ. ಹೊಟ್ಟೆಯ ಹಿಂಭಾಗದಲ್ಲಿ ಬೆರಳಿನಂಥ ಎರಡು ಅಂಗಗಳಿದ್ದರೆ ಗಂಡು. ಇಷ್ಟನ್ನು ಒಂದು ವಾಟ್ಸಾಪ್ ಸಂಖ್ಯೆಗೆ ಕಳಿಸಿದರೆ ಅರ್ಜಿ ಆದಂತೆ ಎಣಿಸಬೇಕು. ದಡಕ್ಕೆ ಬಂದ ಮೇಲೆ ಸಹಿಗಾಗಿ ಒಂದೇ ಕಚೇರಿ ಇರಬೇಕು, ಅದು ಬಂದರಿನೊಳಗೇ ಇರಬೇಕು. ಬಲೆಯ ದುರಸ್ತಿಯ ಖರ್ಚು ಮುಂದಿನ ತಿಂಗಳ ಡೀಸೆಲ್ ಬಿಲ್ಲಿಗೆ ಮೊದಲು ಮಾಲೀಕನ ಖಾತೆಗೆ ಬರಬೇಕು, ಅದರಲ್ಲೊಂದು ಪಾಲು ಬಿಡಿಸಿದ ಕಲಾಸಿಗಳಿಗೆ ನೇರವಾಗಿ ಸೇರಬೇಕು. ಸತ್ತೇ ಬಂದ ರಕ್ಷಿತ ಮೀನನ್ನು ತಾನಾಗಿ ತಂದೊಪ್ಪಿಸಿದವನ ಮೇಲೆ ಮೊಕದ್ದಮೆ ಇಲ್ಲ ಎಂಬ ಸ್ಪಷ್ಟ ಲಿಖಿತ ಸೂಚನೆ ಬೇಕು. ಆ ಮೀನು ಮಂಗಳೂರಿನ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೋ ಮೀನುಗಾರಿಕಾ ಮಹಾವಿದ್ಯಾಲಯಕ್ಕೋ ಹೋದರೆ ಬೆನ್ನೆಲುಬಿನ ಬಳೆಗಳಿಂದ ವಯಸ್ಸು, ಹೊಟ್ಟೆಯಿಂದ ಆಹಾರ, ಗರ್ಭದಿಂದ ಹೆರುವ ಕಾಲ ಎಲ್ಲ ತಿಳಿಯುತ್ತದೆ.

ಹರಾಜು ಕಟ್ಟೆಯಲ್ಲಿ ರಕ್ಷಿತ ಜಾತಿಗಳ ಬಣ್ಣದ ಚಿತ್ರಫಲಕ ಬೇಕು, ಕನ್ನಡ, ತುಳು, ಕೊಂಕಣಿ ಹೆಸರುಗಳೊಡನೆ. ಒಂದೊಂದು ಬಂದರಿನ ಹೆಸರು ಒಂದೊಂದು, ಆದ್ದರಿಂದ ಹೆಸರುಗಳನ್ನು ಅಲ್ಲಿನ ಹಿರಿಯ ಮೀನುಗಾರರನ್ನೇ ಕೇಳಿ ಬರೆಸಬೇಕು. ಆಂಧ್ರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕಲಾಸಿಗಳು ನಮ್ಮ ಬೋಟುಗಳಲ್ಲಿ ಬಹಳ ಮಂದಿ, ತೆಲುಗು, ಒಡಿಯಾ, ಹಿಂದಿಯೂ ಇರಲಿ. ತರಬೇತಿಗೆ ಸಭಾಂಗಣ ಬೇಡ, ದಕ್ಕೆಯಲ್ಲಿ ನಿಂತ ಬೋಟಿನ ಡೆಕ್ಕೇ ಸಾಕು: ಮರಳು ತುಂಬಿದ ಚೀಲವನ್ನು ಜೋಲಿಯಲ್ಲಿ ಇಬ್ಬರು ಎತ್ತಿ ಇಳಿಸುವುದು, ಹಳೆಯ ಬಲೆಯನ್ನು ಮೊಂಡು ಚೂರಿಯಿಂದ ಸೀಳುವುದು.

ಸಿಗಡಿ ಟ್ರಾಲ್‌ಗಳಿಗೆ ಆಮೆ ತಪ್ಪಿಸುವ ಜಾಲರಿ, ಅಂದರೆ ಟಿಇಡಿ, ಬರುವ ಮಾತು ನಡೆಯುತ್ತಲೇ ಇದೆ. ಅದಿಲ್ಲದ ಕಾರಣಕ್ಕೇ ಅಮೆರಿಕ ನಮ್ಮ ಕಡಲಿನ ಸಿಗಡಿಯನ್ನು ಕೊಳ್ಳುತ್ತಿಲ್ಲ. ಜಾಲರಿ ಹಾಕುವಾಗ ಕೋನ 30ರಿಂದ 55 ಡಿಗ್ರಿಯೊಳಗೆ ನಿಲ್ಲಬೇಕು. ಅದಕ್ಕಿಂತ ನೆಟ್ಟಗಾದರೆ ಆಮೆಯೂ ತೊರಕೆಯೂ ಸರಳಿಗೆ ಅಂಟಿಕೊಂಡು ದಾರಿ ಮುಚ್ಚುತ್ತವೆ, ತೀರ ಮಲಗಿದರೆ ಸಿಗಡಿ ಸೋರಿಹೋಗುತ್ತದೆ. ಟಿಇಡಿ ಎಂದರೆ ನಷ್ಟ ಎಂಬ ದೂರು ಹೆಚ್ಚಾಗಿ ಬರುವುದು ಕೋನ ತಪ್ಪಿದ ಜಾಲರಿಗಳಿಂದ, ಆದ್ದರಿಂದ ಜಾಲರಿ ಹಂಚುವುದರ ಜೊತೆ ಕಟ್ಟಿಕೊಡುವ ಕೈಯೂ ಬೇಕು. ಸರಿಯಾಗಿ ಕೂತ ಜಾಲರಿಯಿಂದ ದೊಡ್ಡ ತೊರಕೆ, ದೊಡ್ಡ ಗಿಟಾರ್ ಮೀನು ಡೆಕ್ಕಿಗೆ ಬರದೆ ಕಡಲಿನಲ್ಲೇ ಹೊರಬೀಳುತ್ತವೆ. ಗರಗಸ ಮೀನಿಗೆ ಮಾತ್ರ ಅದರಿಂದ ಹೆಚ್ಚು ಉಪಯೋಗವಿಲ್ಲ, ಗರಗಸ ಬಲೆಯ ಬಾಯಲ್ಲೇ ಸಿಕ್ಕಿಬಿಡುತ್ತದೆ. ಅದಕ್ಕೆ ಚೂರಿಯೇ ಬೇಕು.

ಮಾನ್ಯರೇ, ವಾಟ್ಸಾಪ್ ಸಂಖ್ಯೆ, ಪರಿಹಾರದ ಆದೇಶ, ಚಿತ್ರಫಲಕ ಈ ಮೂರನ್ನು ಜುಲೈ 31ರ ಒಳಗೆ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರ ಬಂದರುಗಳಲ್ಲಿ ಕಾಣಿಸಿ. ತಾಂಡೇಲರೇ, ಜೋಲಿ ಹೊಲಿಸಲು, ಚೂರಿ ಬಾಗಿಸಲು ಈ ರಜೆಯಲ್ಲೇ ದರ್ಜಿಗೂ ಕಮ್ಮಾರನಿಗೂ ಹೇಳಿಬಿಡಿ.

ಇತಿ,
ಕರಾವಳಿಯ ಕಡಲ ಮೀನುಗಳ ಅಭ್ಯಾಸಿಗಳು